ರೆಕಾರ್ಡರ್ ಕೊಳ್ಳುವ ಮುನ್ನ ನಮ್ಮ ಮಾತನ್ನೂ ಕೇಳಿ

ಹಳೆಯ ವಿದ್ಯಾರ್ಥಿಗಳು ಕೊಟ್ಟ ದೇಣಿಗೆಯಲ್ಲಿ ಒಂದು ಭಾಗವನ್ನು ಪ್ರಾಜೆಕ್ಟ್ ಕೆಲಸಕ್ಕೆ ಬೇಕಾದ ಉಪಕರಣಗಳಿಗೆ ಬಳಸಲು ನಮ್ಮ ಕಾಲೇಜಿನ ಆಡಳಿತ ಮಂಡಳಿ ಒಪ್ಪಿದೆ. ಏನು ಕೊಳ್ಳಬೇಕೆಂದು ಇನ್ನೂ ನಿರ್ಧಾರವಾಗಿಲ್ಲ. ದೊಡ್ಡ ವಿಡಿಯೋ ಕ್ಯಾಮೆರಾ, ಎರಡು ಲೈಟು, ಒಂದು ಹಸಿರು ಪರದೆ ಇದ್ದರೆ ಕಾಲೇಜಿಗೆ ಸ್ವಂತ ಸ್ಟುಡಿಯೋ ಆಗುತ್ತದೆ ಎಂಬುದು ಹಲವರ ಆಸೆ. ನನ್ನ ಅಭಿಪ್ರಾಯ ಬೇರೆ. ಅದೇ ಹಣದಲ್ಲಿ ಆರು ಗಟ್ಟಿಮುಟ್ಟಾದ, ಸುಲಭವಾಗಿ ಬಳಸಬಹುದಾದ ಧ್ವನಿ ರೆಕಾರ್ಡರ್‌ಗಳನ್ನು ಕೊಂಡು ಗ್ರಂಥಾಲಯದಲ್ಲಿ ಇಡಬೇಕು. ಪುಸ್ತಕದಂತೆ ಅವನ್ನು ಎಲ್ಲರಿಗೂ ಎರವಲು ಕೊಡಬೇಕು. ಯಾಕೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಲಿ.

ಮೊದಲು ಅಗತ್ಯದ ಮಾತು. ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೂ ಈಗ 80 ಅಂಕಗಳ ಲಿಖಿತ ಪರೀಕ್ಷೆಯ ಜೊತೆ 20 ಅಂಕಗಳ ಆಂತರಿಕ ಮೌಲ್ಯಮಾಪನ ಇದೆ, ಅದರಲ್ಲಿ ಪ್ರಾಜೆಕ್ಟಿಗೂ ಪಾಲಿದೆ. ಕನ್ನಡ, ಉರ್ದು, ಇತಿಹಾಸ, ಸಮಾಜಶಾಸ್ತ್ರ, ವ್ಯವಹಾರ ಅಧ್ಯಯನ, ಯಾವುದೇ ಇರಲಿ, ಉಪನ್ಯಾಸಕರು ಮೊದಲು ಹೇಳುವ ಮಾತು ಒಂದೇ: "ಹೊರಗೆ ಹೋಗಿ, ನಾಲ್ಕು ಜನರನ್ನು ಮಾತಾಡಿಸಿ." ಒಳ್ಳೆಯ ಸಲಹೆ. ಆದರೆ ಮಾತಾಡಿಸಿದ ಮೇಲೆ ಆ ಮಾತನ್ನು ಎಲ್ಲಿ ಇಡುವುದು? ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಕೂತರೆ ಎದುರಿಗಿರುವವರ ಮುಖ ನೋಡಲಾಗುವುದಿಲ್ಲ. ಬರೆಯದೆ ಕೇಳಿದರೆ ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಕೊನೆಗೆ ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ಇಳಿಸಿ, ಬಣ್ಣದ ಕಾಗದದ ಹೊದಿಕೆ ಹಾಕಿ ಒಪ್ಪಿಸುತ್ತೇವೆ. ಇದು ನಮಗೂ ಗೊತ್ತು, ಉಪನ್ಯಾಸಕರಿಗೂ ಗೊತ್ತು.

ಫೋನ್ ಇದೆಯಲ್ಲ ಎನ್ನುವವರಿಗೆ

"ಎಲ್ಲರ ಕೈಯಲ್ಲೂ ಫೋನ್ ಇರುವಾಗ ರೆಕಾರ್ಡರ್ ಯಾಕೆ?" ಇದು ನಾನು ಹೆಚ್ಚು ಬಾರಿ ಕೇಳಿದ ಪ್ರಶ್ನೆ. ಅದರಲ್ಲಿ ಅರ್ಧ ಸತ್ಯ ಇದೆ. ಇವತ್ತಿನ ಫೋನಿನ ಮೈಕ್ ಕಳಪೆಯೇನಲ್ಲ. ಶಾಂತವಾದ ಕೋಣೆಯಲ್ಲಿ, ಹತ್ತಿರ ಇಟ್ಟು ರೆಕಾರ್ಡ್ ಮಾಡಿದರೆ ಮಾತು ಸ್ಪಷ್ಟವಾಗಿಯೇ ಕೇಳುತ್ತದೆ. ಉಳಿದರ್ಧ ಸತ್ಯವಲ್ಲ, ಯಾಕೆಂದರೆ ಎಲ್ಲರ ಕೈಯಲ್ಲೂ ಫೋನ್ ಇಲ್ಲ.

ನಮ್ಮ ತರಗತಿಯಲ್ಲಿ ಕೈ ಎತ್ತಲು ಹೇಳಿ ನೋಡಿ. ಬಹಳಷ್ಟು ಮನೆಗಳಲ್ಲಿ ಇರುವುದು ಒಂದು ಅಥವಾ ಎರಡು ಸ್ಮಾರ್ಟ್‌ಫೋನ್. ಅಬ್ಬು ಸೆಕೆಂಡ್ ಶಿಫ್ಟಿಗೆ ಹೋದರೆ ಅದು ಅವರ ಜೇಬಿನಲ್ಲಿ ಹೋಗುತ್ತದೆ. ಅಣ್ಣ ಡೆಲಿವರಿ ಕೆಲಸದಲ್ಲಿದ್ದರೆ ಅವನ ಫೋನೇ ಅವನ ಅನ್ನ. ಹುಡುಗಿಯರ ಪಾಲಿಗೆ ಫೋನ್ ಸಿಗುವುದು ರಾತ್ರಿ ಒಂಬತ್ತರ ಮೇಲೆ ಅರ್ಧ ಗಂಟೆ, ಅದೂ ಮನೆಯವರೆಲ್ಲ ಕೂತಿರುವ ಕೋಣೆಯಲ್ಲಿ. ಜೊತೆಗೆ ಕಾಲೇಜಿನ ಗೇಟಿನೊಳಗೆ ಫೋನ್ ತರಬಾರದೆಂಬ ನಿಯಮ ಇದೆ. ಆ ನಿಯಮ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಗೇಟಿನಲ್ಲಿ ಫೋನ್ ತಡೆದು, ತರಗತಿಯಲ್ಲಿ "ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ" ಎಂದು ಹೇಳುವುದು ಹೊಂದುವುದಿಲ್ಲ. ಫೋನ್ ಇದ್ದವರ ಪ್ರಾಜೆಕ್ಟ್ ಚೆನ್ನಾಗಿ ಆಗುತ್ತದೆ, ಇಲ್ಲದವರು ಹಿಂದೆ ಬೀಳುತ್ತಾರೆ. ಅಂಕ ಕೊಡುವ ಕೆಲಸದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ತೊಂದರೆ, ಎರವಲು ಫೋನಿನಲ್ಲಿ ಇಟ್ಟದ್ದು ನಮ್ಮದಾಗಿ ಉಳಿಯುವುದಿಲ್ಲ. ನನ್ನ ತರಗತಿಯ ಒಬ್ಬ ಗೆಳತಿ ಕಳೆದ ವರ್ಷ ತಮ್ಮ ಬೀದಿಯ ಒಬ್ಬ ಅಜ್ಜಿಯನ್ನು ಮಾತಾಡಿಸಿದ್ದಳು. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲೇ ಕೂತು ಊದುಬತ್ತಿ ಹೊಸೆದು ಐದು ಮಕ್ಕಳನ್ನು ಸಾಕಿದವರು. ಮುಕ್ಕಾಲು ಗಂಟೆ ಮಾತಾಡಿದ್ದರಂತೆ. ಸಾವಿರ ಕಡ್ಡಿಗೆ ಆಗ ಎಷ್ಟು ಸಿಗುತ್ತಿತ್ತು, ಮಳೆಗಾಲದಲ್ಲಿ ಕಡ್ಡಿ ಒಣಗದೆ ಹೇಗೆ ಪರದಾಡುತ್ತಿದ್ದರು, ಅಂಗೈ ಎಷ್ಟು ತೊಳೆದರೂ ಕಪ್ಪು ಹೋಗದೆ ಮದುವೆ ಮನೆಗೆ ಹೋಗಲು ಹೇಗೆ ನಾಚುತ್ತಿದ್ದರು, ಎಲ್ಲ ಹೇಳಿದ್ದರು. ರೆಕಾರ್ಡ್ ಆಗಿದ್ದು ಗೆಳತಿಯ ಅಣ್ಣನ ಫೋನಿನಲ್ಲಿ. ವಾರದೊಳಗೆ ಫೋನಿನ ಮೆಮೊರಿ ತುಂಬಿತು. ಅವನು ದೊಡ್ಡ ಫೈಲುಗಳನ್ನೆಲ್ಲ ಅಳಿಸಿದ. ಅದು ತಂಗಿಯ ಪ್ರಾಜೆಕ್ಟ್ ಎಂದು ಅವನಿಗೆ ಗೊತ್ತಿರಲಿಲ್ಲ. ಗೆಳತಿ ಮತ್ತೆ ಕೇಳಲು ಹೋಗುವ ಮೊದಲೇ ಆ ಅಜ್ಜಿ ತೀರಿಕೊಂಡರು. ಗೆಳತಿ ನೆನಪಿನಿಂದ ಎರಡು ಪುಟ ಬರೆದು ಒಪ್ಪಿಸಿದಳು, ಅಂಕವೂ ಬಂತು. ಹೋದ ಮುಕ್ಕಾಲು ಗಂಟೆ ಮಾತ್ರ ಬರಲಿಲ್ಲ. ಈ ವಿಷಯ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಪೀಣ್ಯದಲ್ಲಿ ಕೇಳಲು ಏನಿದೆ?

"ನಮ್ಮ ಏರಿಯಾದಲ್ಲಿ ರೆಕಾರ್ಡ್ ಮಾಡುವಂಥದ್ದು ಏನಿದೆ? ಹಳ್ಳಿಯಾದರೆ ಜನಪದ ಹಾಡು ಇರುತ್ತದೆ" ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಗಿದ್ದು 1953ರಲ್ಲಿ; ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅಲ್ಲೇ ಕೈಗಡಿಯಾರದ ಕಾರ್ಖಾನೆ ಬಂದಿದ್ದು 1961ರಲ್ಲಿ. ಗಡಿಯಾರದ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು ಇವತ್ತಿಗೂ ನಮ್ಮ ಸುತ್ತಲಿನ ಬೀದಿಗಳಲ್ಲಿ ಬೆಳಗಿನ ವಾಕಿಂಗಿಗೆ ಹೋಗುತ್ತಾರೆ. ಇಡೀ ದೇಶ ಕೈಗೆ ಕಟ್ಟಿಕೊಂಡ ಗಡಿಯಾರದ ಸೂಕ್ಷ್ಮ ಭಾಗಗಳನ್ನು ಜೋಡಿಸಿದ ಕೈಗಳು ಅವು. ಕೇಳಿದರೆ ಹೇಳುತ್ತಾರೆ, ಕೇಳುವವರಿಲ್ಲ.

ಪೀಣ್ಯದ ಶೆಡ್ಡುಗಳಲ್ಲಿ ಲೇತ್ ತಿರುಗಿಸುವವರು, ಪೌಡರ್ ಕೋಟಿಂಗ್ ಮಾಡುವವರು, ಗಾರ್ಮೆಂಟ್ಸಿನಲ್ಲಿ ಹೊಲಿಯುವವರು ರಾಯಚೂರು, ಕಲಬುರಗಿಯಿಂದ ಹಿಡಿದು ಬಿಹಾರ, ಒಡಿಶಾದವರೆಗೆ ಎಲ್ಲೆಲ್ಲಿಂದಲೋ ಬಂದವರು. ಊರು ಬಿಟ್ಟ ದಿನದ ಕಥೆ ಒಬ್ಬೊಬ್ಬರದೂ ಒಂದೊಂದು. ನಗರದ ಆ ಕಡೆ ಎಲೆಕ್ಟ್ರಾನಿಕ್ ಸಿಟಿಗೂ ಇಂಥ ನೆನಪಿದೆ. ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರು 1970ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದಾಗ ಕೋನಪ್ಪನ ಅಗ್ರಹಾರದ ಸುತ್ತ ಇದ್ದದ್ದು ಹೊಲಗಳು. ಆ ಹೊಲ ಉತ್ತವರಲ್ಲಿ ಕೆಲವರಾದರೂ ಇನ್ನೂ ಇದ್ದಾರೆ. ಕಂಪನಿಗಳ ಇತಿಹಾಸ ಕಂಪನಿಗಳ ಕಡತದಲ್ಲಿ ಉಳಿಯುತ್ತದೆ. ಇವರ ಇತಿಹಾಸ ಇವರ ಬಾಯಲ್ಲಿ ಮಾತ್ರ ಇದೆ.

ಇನ್ನು ನಮ್ಮ ಮನೆಮಾತು. ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ಆಡುವುದು ದಖನಿ. ನಾಲ್ಕು ಶತಮಾನಗಳ ಹಿಂದೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ್ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕವನ್ನೇ ದಖನಿಯಲ್ಲಿ ರಚಿಸಿದ. ಆದರೆ ನಮ್ಮ ದಾದಿ, ನಾನಿ ಅಡುಗೆಮನೆಯಲ್ಲಿ ಆಡುವ ದಖನಿ, ನಡುನಡುವೆ ಕನ್ನಡ ಪದ ಬೆರೆತು ಅರ್ಧ ಹಾಡಿನಂತೆ ಎಳೆಯುವ ಆ ಮಾತು ಯಾವ ಪಠ್ಯದಲ್ಲೂ ಇಲ್ಲ. ಉರ್ದು ತರಗತಿಯಲ್ಲಿ ಅದನ್ನು ತಿದ್ದಿಸಿಕೊಳ್ಳುತ್ತೇವೆ, ಕನ್ನಡ ತರಗತಿಯಲ್ಲಿ ಅದಕ್ಕೆ ಜಾಗವಿಲ್ಲ. ಬರೆದರೆ ಅದರ ರಾಗ ಹೋಗುತ್ತದೆ. ಅದನ್ನು ದನಿಯಾಗಿಯೇ ಹಿಡಿಯಬೇಕು.

ಮೊದಲೇ ಮಾಡಿದವರು ಇದ್ದಾರೆ

ಇದು ಹೊಸ ಯೋಚನೆಯೇನಲ್ಲ. ಬ್ರಿಟಿಷರ ಕಾಲದಲ್ಲಿ ಜಾರ್ಜ್ ಗ್ರಿಯರ್‌ಸನ್ ನಡೆಸಿದ ಭಾರತೀಯ ಭಾಷಾ ಸಮೀಕ್ಷೆಯ ಜೊತೆಗೆ, 1913ರಿಂದ 1929ರ ನಡುವೆ, ಹಲವು ಭಾಷೆಗಳ ಮಾತನ್ನು ಗ್ರಾಮೊಫೋನ್ ತಟ್ಟೆಗಳಲ್ಲಿ ಹಿಡಿದಿಟ್ಟರು. ಆ ದನಿಗಳನ್ನು ಇವತ್ತಿಗೂ ಕೇಳಬಹುದು. ಆದರೆ ಆ ದೊಡ್ಡ ಸಮೀಕ್ಷೆ ಮೈಸೂರು ಸಂಸ್ಥಾನ, ಹೈದರಾಬಾದ್ ಸಂಸ್ಥಾನ, ಮದ್ರಾಸ್ ಪ್ರಾಂತ ಇವುಗಳನ್ನು ತನ್ನ ವ್ಯಾಪ್ತಿಯಿಂದ ಹೊರಗೇ ಬಿಟ್ಟಿತ್ತು. ಯಾರಾದರೂ ಬಂದು ನಮ್ಮ ಮಾತನ್ನು ದಾಖಲಿಸುತ್ತಾರೆ ಎಂದು ಕಾದು ಕೂತರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕು.

ನಮ್ಮವರೇ ಮಾಡಿದ ಕೆಲಸವೂ ಇದೆ. ಎಚ್.ಎಲ್. ನಾಗೇಗೌಡರು ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದವರು. ಹಳ್ಳಿಗಳಿಗೆ ಟೇಪ್ ರೆಕಾರ್ಡರ್ ಒಯ್ದು ಜನಪದ ಗೀತೆಗಳನ್ನು ಹಾಡಿಸಿ ದಾಖಲಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಹತ್ತಿರ, ಮೈಸೂರು ರಸ್ತೆಯಲ್ಲಿರುವ ಜಾನಪದ ಲೋಕ ಅವರ ಕನಸು. ಪ್ರವಾಸಕ್ಕೆ ಅಲ್ಲಿಗೆ ಹೋದವರು ಒನಕೆ, ಬೀಸುಕಲ್ಲು, ಗೊಂಬೆ ನೋಡಿ ಬರುತ್ತಾರೆ. ಅಲ್ಲಿನ ಧ್ವನಿ ಸಂಗ್ರಹವೂ ಅಷ್ಟೇ ದೊಡ್ಡ ಆಸ್ತಿ ಎಂಬುದನ್ನು ಗಮನಿಸುವವರು ಕಡಿಮೆ. ಹಾಡಿದವರು ಹೋದ ಮೇಲೂ ಹಾಡು ಉಳಿದಿದೆ ಎಂದರೆ ಆವತ್ತು ಒಬ್ಬರು ಭಾರದ ಪೆಟ್ಟಿಗೆ ಹೊತ್ತು ಹಳ್ಳಿಗೆ ಹೋಗಿದ್ದರಿಂದ.

ಮೂರನೆಯ ಉದಾಹರಣೆ ನನಗೆ ಎಲ್ಲಕ್ಕಿಂತ ಇಷ್ಟ. ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ಹೈದರ್ ಅಲಿ ಹುಟ್ಟಿದ ಊರೆಂದು ನಾವು ಓದಿದ್ದೇವೆ. ಅದೇ ಊರಿನಲ್ಲಿ 2000ದ ದಶಕದ ಆರಂಭದಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಮಾಧ್ಯಮ ಕೇಂದ್ರ ಶುರುವಾಯಿತು. ವಾಯ್ಸಸ್, ಮೈರಾಡ ಸಂಸ್ಥೆಗಳು ಜೊತೆಗಿದ್ದವು, ಯುನೆಸ್ಕೋ ನೆರವು ಕೊಟ್ಟಿತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಊರಿನ ಹುಡುಗ ಹುಡುಗಿಯರು ರೆಕಾರ್ಡರ್ ಹಿಡಿಯಲು ಕಲಿತರು, ತಮ್ಮ ಊರಿನ ನೀರು, ಬೆಳೆ, ಆರೋಗ್ಯದ ಬಗ್ಗೆ ತಾವೇ ಕಾರ್ಯಕ್ರಮ ಮಾಡಿದರು. ಆಗ ಹಳ್ಳಿಯ ಸಮುದಾಯಗಳಿಗೆ ರೇಡಿಯೋ ಪರವಾನಗಿ ಕೊಡುತ್ತಿರಲಿಲ್ಲ, ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿದ್ದು 2006ರ ನೀತಿಯಿಂದ. ಹಾಗೆಂದು ಅವರು ಸುಮ್ಮನೆ ಕೂರಲಿಲ್ಲ. ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಕಳುಹಿಸಿದರು. ಅವರಿಗೆ ಮೊದಲು ಬೇಕಾಗಿದ್ದು ಕೈಯಲ್ಲಿ ಹಿಡಿದು ಒಂದು ಗುಂಡಿ ಒತ್ತಿದರೆ ಕೆಲಸ ಮಾಡುವ ಯಂತ್ರ. ನಮಗೂ ಬೇಕಾಗಿರುವುದು ಅಷ್ಟೇ.

ಎಂಥ ರೆಕಾರ್ಡರ್ ಬೇಕು?

ಈಗ ಕೊಳ್ಳುವ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಮೊದಲು ಹೇಳುವುದು ಧ್ವನಿಯ ಗುಣಮಟ್ಟದ ಅಂಕಿಗಳನ್ನು. ತರಗತಿ ಬಳಕೆಗೆ ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲು ನೋಡಬೇಕಾದ್ದು ಇನ್ನೂರು ಕೈಗಳಲ್ಲಿ ಓಡಾಡಿದರೂ ಉಳಿಯುತ್ತದೆಯೇ ಎಂಬುದನ್ನು.

ಮೊದಲನೆಯದು ಬ್ಯಾಟರಿ. ಒಳಗೇ ಬೆಸೆದ ಬ್ಯಾಟರಿ ಇರುವ ರೆಕಾರ್ಡರ್ ಬೇಡ. ಅದು ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಆಮೇಲೆ ಇಡೀ ಯಂತ್ರವೇ ಮೂಲೆಗೆ. ಪೆನ್ಸಿಲ್ ಸೆಲ್ ಹಾಕುವಂಥದ್ದು ಬೇಕು. ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲುಗಳನ್ನು ಚಾರ್ಜರ್ ಸಮೇತ ಕೊಂಡು ಗ್ರಂಥಾಲಯದಲ್ಲಿ ಇಟ್ಟರೆ ಖರ್ಚು ಕಡಿಮೆ. ಮಧ್ಯದಲ್ಲಿ ಖಾಲಿಯಾದರೆ ಬೀದಿ ಕೊನೆಯ ಅಂಗಡಿಯಲ್ಲೂ ಮಾಮೂಲಿ ಸೆಲ್ ಸಿಗುತ್ತದೆ. ಚಾರ್ಜ್ ಮಾಡುವ ಸೆಲ್ಲು 1.2 ವೋಲ್ಟ್, ಮಾಮೂಲಿ ಸೆಲ್ಲು 1.5 ವೋಲ್ಟ್. ಹಾಗಾಗಿ ಮೆನುವಿನಲ್ಲಿ ಯಾವ ಬಗೆಯ ಸೆಲ್ ಹಾಕಿದ್ದೇವೆ ಎಂದು ತಿಳಿಸುವ ಅವಕಾಶ ಇದ್ದರೆ ಸರಿಯಾಗಿ ಹೊಂದಿಸಬೇಕು, ಇಲ್ಲವಾದರೆ ಉಳಿದ ಚಾರ್ಜನ್ನು ಅದು ತಪ್ಪಾಗಿ ತೋರಿಸುತ್ತದೆ.

ಎರಡನೆಯದು ಗುಂಡಿ. ರೆಕಾರ್ಡ್ ಮಾಡಲು ಒಂದು ಗುಂಡಿ, ನಿಲ್ಲಿಸಲು ಒಂದು ಗುಂಡಿ. ಟಚ್ ಸ್ಕ್ರೀನ್ ಬೇಡ. ಗುಂಡಿ ಬೆರಳಿಗೆ ತಿಳಿಯಬೇಕು, ಒತ್ತಿದ ಮೇಲೆ ಕೆಂಪು ದೀಪ ಎದ್ದು ಕಾಣಬೇಕು. ಬ್ಯಾಗಿನೊಳಗೆ ತಾನೇ ಆನ್ ಆಗದಂತೆ ಗುಂಡಿಗಳಿಗೆ ಬೀಗ ಹಾಕುವ ಹೋಲ್ಡ್ ಸ್ವಿಚ್ ಬೇಕು. ದೃಷ್ಟಿದೋಷ ಇರುವ ಸಹಪಾಠಿಗಳೂ ನಮ್ಮ ಜೊತೆ ಇದ್ದಾರೆ, ಅವರಿಗೂ ಇದರಿಂದ ಅನುಕೂಲ. ಝೂಮ್ ಕಂಪನಿಯ ಎಸೆನ್ಷಿಯಲ್ ಸರಣಿಯಲ್ಲಿ ಮೆನುವನ್ನು ದನಿಯಲ್ಲೇ ಓದಿ ಹೇಳುವ ಸೌಲಭ್ಯ ಇದೆ. ಹಣ ಹೊಂದಿದರೆ ಅಂಥದ್ದು ಒಂದಾದರೂ ಇರಲಿ.

ಮೂರನೆಯದು ಕಂಪ್ಯೂಟರಿಗೆ ಜೋಡಿಸುವ ಬಗೆ. ಯಾವ ಆ್ಯಪ್ ಕೂಡ ಬೇಡದೆ, ಯುಎಸ್‌ಬಿಗೆ ಸಿಕ್ಕಿಸಿದರೆ ಪೆನ್ ಡ್ರೈವಿನಂತೆ ತೆರೆಯಬೇಕು. ಫೈಲು ಎಂಪಿ3 ಅಥವಾ ವೇವ್ ರೂಪದಲ್ಲಿರಬೇಕು. ಇವೆರಡೂ ಎಲ್ಲ ಕಡೆ ಓಡುತ್ತವೆ. ಕಂಪನಿಯದ್ದೇ ತಂತ್ರಾಂಶ ಬೇಕು ಎನ್ನುವ ಯಂತ್ರವನ್ನು ಮುಟ್ಟಲೇಬಾರದು.

ನಾಲ್ಕನೆಯದು ಜಾಗದ ಲೆಕ್ಕ. 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ಗಂಟೆಯ ಮಾತು ಸುಮಾರು 58 ಎಂಬಿ. ಅಂದರೆ 4 ಜಿಬಿಯಲ್ಲಿ ಹೆಚ್ಚುಕಡಿಮೆ 69 ಗಂಟೆ ಹಿಡಿಯುತ್ತದೆ. ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ಆದರೆ ಒಂದು ಗಂಟೆಗೆ ಸುಮಾರು 635 ಎಂಬಿ, 32 ಜಿಬಿ ಕಾರ್ಡಿನಲ್ಲಿ 50 ಗಂಟೆ. ಸಂದರ್ಶನಕ್ಕೆ ಎಂಪಿ3 ಸಾಕು. ಹಾಡು, ಸೋಬಾನೆ, ದಾದಿಯ ಜೋಗುಳದಂಥವನ್ನು ವೇವ್‌ನಲ್ಲಿ ಹಿಡಿಯುವುದು ಒಳ್ಳೆಯದು, ಯಾಕೆಂದರೆ ಒಮ್ಮೆ ಹಿಂಡಿ ಸಣ್ಣದು ಮಾಡಿದ ದನಿ ಮತ್ತೆ ಮೊದಲಿನಂತೆ ಆಗುವುದಿಲ್ಲ. ಮೆಮೊರಿ ಕಾರ್ಡುಗಳಲ್ಲಿ ನಕಲಿ ಮಾಲು ಬಹಳ. ಮೇಲೆ 64 ಎಂದು ಬರೆದು ಒಳಗೆ 8 ಇರುವ ಕಾರ್ಡುಗಳೂ ಸಿಗುತ್ತವೆ. ಕೊಂಡ ದಿನವೇ ಪೂರ್ತಿ ತುಂಬಿಸಿ, ಮತ್ತೆ ತೆರೆದು ನೋಡಿ, ಆಮೇಲೆ ರಿಜಿಸ್ಟರಿಗೆ ಸೇರಿಸಬೇಕು.

ಐದನೆಯದು ಸದ್ದು. ಪೀಣ್ಯದಲ್ಲಿ ಕಂಪ್ರೆಸರ್, ಪವರ್ ಪ್ರೆಸ್, ಲಾರಿ ಇಲ್ಲದ ಗಳಿಗೆ ಕಡಿಮೆ. ತಗ್ಗು ದನಿಯ ಗುಂಯ್ ಸದ್ದನ್ನು ತಡೆಯುವ ಲೋ ಕಟ್ ಸೌಲಭ್ಯ ಇದ್ದರೆ ಮೋಟಾರಿನ ಸದ್ದು, 50 ಹರ್ಟ್ಸ್‌ನ ಕರೆಂಟಿನ ಗುಂಯ್‌ಗುಟ್ಟುವಿಕೆ ಕಡಿಮೆಯಾಗುತ್ತದೆ. ಕಾಲರ್ ಮೈಕ್ ಸಿಕ್ಕಿಸಲು ಒಂದು ಜಾಕ್ ಬೇಕು. ಆದರೆ ಅತಿ ದೊಡ್ಡ ಉಪಾಯಕ್ಕೆ ಒಂದು ರೂಪಾಯಿಯೂ ಬೇಡ. ವಿಜ್ಞಾನ ವಿಭಾಗದವರಿಗೆ ಗೊತ್ತಿರುವ ವಿಲೋಮ ವರ್ಗ ನಿಯಮವೇ ಸಾಕು. ಒಂದು ಮೀಟರ್ ದೂರದಲ್ಲಿರುವ ರೆಕಾರ್ಡರನ್ನು 25 ಸೆಂಟಿಮೀಟರಿಗೆ ತಂದರೆ ಮಾತಿನ ತೀವ್ರತೆ 16 ಪಟ್ಟು, ಅಂದರೆ ಸುಮಾರು 12 ಡೆಸಿಬೆಲ್ ಹೆಚ್ಚುತ್ತದೆ. ಕಾರ್ಖಾನೆಯ ಸದ್ದು ಇದ್ದಷ್ಟೇ ಇರುತ್ತದೆ. ದುಬಾರಿ ಯಂತ್ರವನ್ನು ದೂರ ಇಡುವುದಕ್ಕಿಂತ ಅಗ್ಗದ ಯಂತ್ರವನ್ನು ಹತ್ತಿರ ಇಡುವುದು ಮೇಲು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಸ್ಟೀಲ್ ಮೇಜಿನ ಮೇಲೆ ಮಡಿಸಿದ ಟವೆಲ್ ಹಾಸಿ ಅದರ ಮೇಲೆ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಹೆಸರು ಹಿಡಿದು ಹೇಳಬೇಕೆಂದರೆ ಮೂರು ಬಗೆ ನೋಡಬಹುದು. ಸೋನಿ ಐಸಿಡಿ-ಪಿಎಕ್ಸ್370: 4 ಜಿಬಿ ಒಳಗೇ ಇದೆ, ಕಾರ್ಡೂ ಹಾಕಬಹುದು, ಎರಡು ಸಣ್ಣ ಪೆನ್ಸಿಲ್ ಸೆಲ್ ಸಾಕು, ಯುಎಸ್‌ಬಿ ಪಿನ್ ಯಂತ್ರದಲ್ಲೇ ಇರುವುದರಿಂದ ಕೇಬಲ್ ಕಳೆಯುವ ಭಯವಿಲ್ಲ. ಎಂಪಿ3 ಮಾತ್ರ, ಸ್ಟೀರಿಯೋ ಇಲ್ಲ. ಸಂದರ್ಶನಕ್ಕೆ ಅದು ಕೊರತೆಯಲ್ಲ. ಟ್ಯಾಸ್ಕಾಮ್ ಡಿಆರ್-05ಎಕ್ಸ್: ದೊಡ್ಡ ಪೆನ್ಸಿಲ್ ಸೆಲ್ ಎರಡು, ಎಲ್ಲ ದಿಕ್ಕಿನ ದನಿಯನ್ನೂ ಸಮನಾಗಿ ಹಿಡಿಯುವ ಮೈಕು, ಹಾಗಾಗಿ ಸುತ್ತ ಕೂತು ನಡೆಸುವ ಗುಂಪು ಚರ್ಚೆಗೆ ಒಳ್ಳೆಯದು. ಝೂಮ್ ಎಚ್1ಎನ್: ನಡುವೆ ದೊಡ್ಡ ರೆಕಾರ್ಡ್ ಗುಂಡಿ, ದನಿಯ ಮಟ್ಟಕ್ಕೆ ತಿರುಗಿಸುವ ಚಕ್ರ, ಹಾಡಿಗೆ ಚೆನ್ನಾಗಿದೆ. ಆದರೆ ಹಗುರವಾದ ಪ್ಲಾಸ್ಟಿಕ್ ಮೈ, ಕೈಯಲ್ಲಿ ಹಿಡಿದರೆ ಬೆರಳಿನ ಸದ್ದೂ ದಾಖಲಾಗುತ್ತದೆ. ನನ್ನ ಆಯ್ಕೆ ಮೊದಲ ಬಗೆಯವು ನಾಲ್ಕು, ಎರಡನೆಯ ಬಗೆಯವು ಎರಡು. ಇವೇ ಮಾದರಿ ಸಿಗದಿದ್ದರೆ ಇದೇ ಗುಣಗಳಿರುವ ಬೇರೆಯದು ಆಗಬಹುದು. ಎಸ್.ಪಿ. ರಸ್ತೆಗೆ ಹೋಗುವಾಗ ಇಬ್ಬರು ವಿದ್ಯಾರ್ಥಿಗಳನ್ನೂ ಕರೆದೊಯ್ಯಿರಿ. ಅಂಗಡಿಯಲ್ಲೇ ಅವರ ಕೈಗೆ ಕೊಡಿ. ಯಾರೂ ಹೇಳಿಕೊಡದೆ ಎರಡು ನಿಮಿಷದಲ್ಲಿ ರೆಕಾರ್ಡ್ ಮಾಡಿ ಮತ್ತೆ ಕೇಳಿಸಲು ಬಂದರೆ ಮಾತ್ರ ಬಿಲ್ ಮಾಡಿಸಿ.

ದನಿ ಒಂದು ಅಮಾನತ್ತು

ಕೆಲವು ಹಿರಿಯರು ಎತ್ತಿದ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. "ಹುಡುಗಿಯರ ದನಿ, ಮನೆಯ ಹೆಂಗಸರ ದನಿ ರೆಕಾರ್ಡ್ ಆಗಿ ಎಲ್ಲೆಲ್ಲೋ ಹೋದರೆ?" ಎಂಬ ಭಯ ಅದು. ನಾನು ಇದನ್ನು ಹಗುರವಾಗಿ ಕಾಣುವುದಿಲ್ಲ. ಕೆಲವೇ ನಿಮಿಷದ ರೆಕಾರ್ಡಿಂಗ್ ಇದ್ದರೆ ಒಬ್ಬರ ದನಿಯನ್ನು ಕಂಪ್ಯೂಟರ್ ನಕಲು ಮಾಡುವ ಕಾಲ ಇದು. ಆದರೆ ಈ ಭಯ ಹೆಚ್ಚಾಗಿ ಅನ್ವಯಿಸುವುದು ಫೋನಿಗೆ. ಫೋನಿನಲ್ಲಿ ಹಿಡಿದ ದನಿ ಅದೇ ಕ್ಷಣ ಹತ್ತು ಗುಂಪಿಗೆ ಹೋಗಬಲ್ಲದು. ಜೇಬಿನಲ್ಲಿಟ್ಟೇ ಗುಟ್ಟಾಗಿ ರೆಕಾರ್ಡ್ ಮಾಡಬಹುದು. ಮೇಜಿನ ನಡುವೆ ಕೆಂಪು ದೀಪ ಹೊತ್ತಿಸಿ ಕೂತ, ಇಂಟರ್ನೆಟ್ಟೇ ಇಲ್ಲದ ರೆಕಾರ್ಡರ್ ಅದಕ್ಕಿಂತ ಪ್ರಾಮಾಣಿಕ.

ಆದರೂ ನಿಯಮ ಬೇಕು. ಯಾರದೇ ದನಿಯನ್ನು ಅವರಿಗೆ ಹೇಳದೆ ಹಿಡಿಯಬಾರದು. ಯಾಕೆ, ಯಾರು ಕೇಳುತ್ತಾರೆ, ಎಲ್ಲಿಯವರೆಗೆ ಇಡುತ್ತೇವೆ ಎಂದು ಮೊದಲೇ ಹೇಳಿ, ಅವರು ಒಪ್ಪಿದ ಮಾತನ್ನು ರೆಕಾರ್ಡಿನಲ್ಲೇ ಹಿಡಿಯಬೇಕು. ಹದಿನೆಂಟು ತುಂಬದವರಾದರೆ ಮನೆಯವರ ಒಪ್ಪಿಗೆಯೂ ಬೇಕು. ಕಾರ್ಮಿಕರು ಮಾಲೀಕರ ಬಗ್ಗೆ ಏನಾದರೂ ಹೇಳಿ, ಆಮೇಲೆ "ಅದು ಬೇಡ" ಎಂದರೆ ಆ ಭಾಗವನ್ನು ಅವರ ಎದುರೇ ಅಳಿಸಬೇಕು, ಅವರ ಕೆಲಸ ನಮ್ಮ ಅಂಕಕ್ಕಿಂತ ದೊಡ್ಡದು. ಒಬ್ಬರು ನಂಬಿ ಕೊಟ್ಟ ದನಿ ನಮ್ಮ ಬಳಿ ಇರುವ ಅಮಾನತ್ತು. ಅಮಾನತ್ತನ್ನು ಹೇಗೆ ಕಾಯಬೇಕೆಂದು ನಮ್ಮ ಕಾಲೇಜಿನಲ್ಲಿ ಯಾರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಹೆಸರು, ದಿನ, ಜಾಗ ಇವನ್ನು ಹೇಳಿಯೇ ರೆಕಾರ್ಡಿಂಗ್ ಶುರು ಮಾಡುವ ಅಭ್ಯಾಸವೂ ಬೇಕು. ಯಾರು ಯಾರಿಂದ ಕೇಳಿದರು ಎಂಬ ಸರಪಳಿ ಇಲ್ಲದ ಮಾತಿಗೆ ಬೆಲೆ ಇಲ್ಲ ಎಂಬುದನ್ನು ಹದೀಸ್ ವಿದ್ವಾಂಸರು ಇಸ್ನಾದ್ ಎಂಬ ಪದ್ಧತಿಯಾಗಿ ಶತಮಾನಗಳ ಹಿಂದೆಯೇ ಬೆಳೆಸಿದ್ದರು. ನಮ್ಮ ಪ್ರಾಜೆಕ್ಟಿಗೂ ಅದು ಸಲ್ಲುತ್ತದೆ. "ಹೊಸ ಫೈಲ್ 7" ಎಂದು ಹೆಸರಿಟ್ಟ ರೆಕಾರ್ಡಿಂಗ್ ಎರಡು ವರ್ಷದ ಮೇಲೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಹೀಗೆ ಮಾಡೋಣ

ಯಂತ್ರ ಬಂದ ಮೇಲೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ ಪ್ರಯೋಜನವಿಲ್ಲ. ಕಳೆದುಹೋಗುತ್ತದೆ, ಒಡೆಯುತ್ತದೆ ಎಂಬ ಭಯದಿಂದ ವರ್ಷಕ್ಕೊಮ್ಮೆ ತಪಾಸಣೆಗೆ ಮಾತ್ರ ಹೊರಬರುವ ಉಪಕರಣಗಳು ಎಲ್ಲ ಕಾಲೇಜಿನಲ್ಲೂ ಇರುತ್ತವೆ. ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರತಿ ರೆಕಾರ್ಡರಿಗೂ ಅಳಿಸದ ಶಾಯಿಯಲ್ಲಿ ನಂಬರ್ ಹಾಕಿ, ಜಿಪ್ ಇರುವ ಗಟ್ಟಿ ಪೌಚಿನಲ್ಲಿ ಇಡಿ. ಗ್ರಂಥಾಲಯದ ರಿಜಿಸ್ಟರಿನಲ್ಲಿ ಸಹಿ ಮಾಡಿಸಿ ಮೂರು ದಿನಕ್ಕೆ ಕೊಡಿ. ವ್ಯಕ್ತಿಗೆ ಬದಲು ಮೂವರ ಗುಂಪಿಗೆ ಕೊಟ್ಟರೆ ಜವಾಬ್ದಾರಿಯೂ ಹಂಚಿಕೆಯಾಗುತ್ತದೆ. ಮನೆಯಲ್ಲಿ ಫೋನ್ ಇಲ್ಲದವರಿಗೆ ಮೊದಲ ಸರದಿ ಇರಲಿ, ಅದನ್ನು ಅವರು ಎಲ್ಲರ ಎದುರು ಹೇಳಿಕೊಳ್ಳಬೇಕಾಗದಂತೆ ತರಗತಿ ಉಪನ್ಯಾಸಕರೇ ಪಟ್ಟಿ ಕೊಡಲಿ. ಜಾರಿ ಬಿದ್ದು ಕೆಟ್ಟರೆ ದಂಡ ಬೇಡ. ದಂಡಕ್ಕೆ ಹೆದರಿದವರು ಎರವಲೇ ಪಡೆಯುವುದಿಲ್ಲ.

ಪ್ರಥಮ ಪಿಯುಸಿಯವರಿಗೆ ವರ್ಷದ ಆರಂಭದಲ್ಲಿ ಒಂದೇ ಒಂದು ಪೀರಿಯಡ್ ತರಬೇತಿ ಸಾಕು. ಅದರಲ್ಲಿ ನಾಲ್ಕು ಮಾತು ಹೇಳಿಕೊಡಬೇಕು. ಮೊದಲು ಅರ್ಧ ನಿಮಿಷ ಪರೀಕ್ಷೆಗೆ ರೆಕಾರ್ಡ್ ಮಾಡಿ ಕೇಳಿ ನೋಡುವುದು. ದನಿ ಬಂದಾಗ ಮಾತ್ರ ತಾನೇ ಆನ್ ಆಗುವ ವ್ಯವಸ್ಥೆಯನ್ನು ಆರಿಸಿಡುವುದು, ಯಾಕೆಂದರೆ ಅದು ಮೆಲುಮಾತಿನ ಮೊದಲ ಅಕ್ಷರಗಳನ್ನು ನುಂಗುತ್ತದೆ. ಮುಗಿದ ಮೇಲೆ ಸ್ಟಾಪ್ ಒತ್ತಿ, ಫೈಲ್ ಉಳಿಯುವವರೆಗೆ ಕಾದು ಆಮೇಲೆ ಸೆಲ್ ತೆಗೆಯುವುದು. ಅದೇ ದಿನ ಕಾಲೇಜಿನ ಕಂಪ್ಯೂಟರಿಗೂ ಇನ್ನೊಂದು ಡ್ರೈವಿಗೂ ನಕಲು ಮಾಡುವುದು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಫೈಲು ಇದ್ದಂತೆಯೇ ಹೋಗುತ್ತದೆ.

ಸ್ಟುಡಿಯೋ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮುಂದೊಂದು ದಿನ ಬರಲಿ. ಆದರೆ ಸ್ಟುಡಿಯೋಗೆ ಜನ ನಮ್ಮ ಬಳಿ ಬರಬೇಕು. ಶಿಫ್ಟ್ ಮುಗಿಸಿ ಬಂದ ತಾಯಿ, ಮೊಣಕಾಲು ನೋವಿರುವ ದಾದಿ, ವಾಕಿಂಗ್ ಮುಗಿಸಿ ಕಟ್ಟೆಯ ಮೇಲೆ ಕೂತ ಎಚ್‌ಎಂಟಿ ತಾತ ಬರುವುದಿಲ್ಲ. ಅವರ ಬಳಿಗೆ ನಾವು ಹೋಗಬೇಕು. ದೊಡ್ಡ ಕ್ಯಾಮೆರಾ ಎದುರಿಟ್ಟರೆ ದುಪಟ್ಟಾ ಸರಿಮಾಡಿಕೊಂಡು ಎರಡು ಮಾತಾಡಿ ಸುಮ್ಮನಾಗುವವರು, ಅಂಗೈಯಷ್ಟು ಯಂತ್ರ ಇಟ್ಟರೆ ಐದು ನಿಮಿಷದಲ್ಲಿ ಅದನ್ನು ಮರೆತು ಮಾತಾಡುತ್ತಾರೆ.

ಆಡಳಿತ ಮಂಡಳಿಯ ಮುಂದಿನ ಸಭೆಗೆ ಈ ಸಲಹೆಯನ್ನು ಲಿಖಿತವಾಗಿ ಕೊಡಲು ನಾವು ಕೆಲವರು ಸಹಿ ಸಂಗ್ರಹಿಸುತ್ತಿದ್ದೇವೆ. ಪ್ರತಿ ಗ್ರಂಥಾಲಯದ ಕೌಂಟರಿನಲ್ಲಿದೆ. ಓದಿ, ಒಪ್ಪಿದರೆ ಸಹಿ ಹಾಕಿ, ಒಪ್ಪದಿದ್ದರೆ ಕೆಳಗೆ ನಿಮ್ಮ ಕಾರಣ ಬರೆಯಿರಿ. ರೆಕಾರ್ಡರ್ ಬರುವವರೆಗೆ ಒಂದು ಕೆಲಸ ಮಾಡಬಹುದು. ನಿಮ್ಮ ಬೀದಿಯಲ್ಲಿ ಮೊದಲು ಮಾತಾಡಿಸಬೇಕಾದ ಮೂವರು ಹಿರಿಯರ ಹೆಸರು ಬರೆದಿಡಿ, ವಯಸ್ಸಿನಲ್ಲಿ ದೊಡ್ಡವರ ಹೆಸರು ಮೇಲಿರಲಿ.

(ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ)